ಫೈಬ್ರಾಯ್ಡ್ ಇದೆ, ಎಚ್‌ಬಿ ಏರುತ್ತಿಲ್ಲ: ಗಡ್ಡೆಯ ಜಾಗ, ಕಬ್ಬಿಣದ ಲೆಕ್ಕ, ಔಷಧದ ಅಳತೆ

#1 | ಒಳಪದರ (ಸ್ತ್ರೀರೋಗ ವಿಭಾಗ)

ಸ್ಕ್ಯಾನಿಂಗ್ ವರದಿಯಲ್ಲಿ "ಗರ್ಭಕೋಶದಲ್ಲಿ ಫೈಬ್ರಾಯ್ಡ್, 3.2 × 2.8 ಸೆಂ.ಮೀ." ಅಂತ ಇರುತ್ತದೆ. ರಕ್ತದ ವರದಿಯಲ್ಲಿ ಹಿಮೋಗ್ಲೋಬಿನ್ (ಎಚ್‌ಬಿ) 8.4. ಎರಡನ್ನೂ ಒಂದೇ ಪಿನ್ನಿಗೆ ಸೇರಿಸಿ "ಗಡ್ಡೆಯಿಂದ ರಕ್ತ ಕಡಿಮೆಯಾಗಿದೆ" ಅನ್ನುತ್ತಾರೆ, ಒಂದು ಐರನ್ ಮಾತ್ರೆ ಬರೆದು ಕಳಿಸುತ್ತಾರೆ. ಆರು ತಿಂಗಳ ನಂತರ ನೋಡಿದರೆ ಎಚ್‌ಬಿ 8.6. ಈ ಎಳೆಯಲ್ಲಿ ಅದು ಏಕೆ ಹಾಗಾಗುತ್ತದೆ ಎಂಬುದನ್ನು ಬಿಡಿಸಿ ನೋಡೋಣ. ಲ್ಯಾಬ್, ಸ್ಕ್ಯಾನಿಂಗ್, ಫಾರ್ಮಸಿ, ವಾರ್ಡಿನವರೂ ಇಲ್ಲಿದ್ದಾರೆ, ಅವರವರ ಭಾಗ ಅವರು ಬರೆಯಲಿ.

ನಾನು ಗಡ್ಡೆಯಿಂದ ಶುರು ಮಾಡುತ್ತೇನೆ. ಫೈಬ್ರಾಯ್ಡ್ ಅಂದರೆ ಗರ್ಭಕೋಶದ ನಯ ಸ್ನಾಯುವಿನಿಂದಲೇ ಬೆಳೆಯುವ ಗಂಟು, ಕ್ಯಾನ್ಸರ್ ಅಲ್ಲ. 50ರ ಹೊತ್ತಿಗೆ ಹೆಚ್ಚಿನ ಹೆಂಗಸರಲ್ಲಿ ಒಂದಾದರೂ ಇರುತ್ತದೆ, ಬಹಳ ಮಂದಿಗೆ ಅದು ಇರುವುದೇ ತಿಳಿಯುವುದಿಲ್ಲ. ಆದ್ದರಿಂದ ಗಡ್ಡೆ ಕಂಡಿತು ಎಂದಮಾತ್ರಕ್ಕೆ ರಕ್ತಹೀನತೆಗೆ ಅದೇ ಕಾರಣ ಎನ್ನಲಾಗದು. ಅಳತೆಗಿಂತ ಮೊದಲು ಜಾಗ ನೋಡಬೇಕು. ಅದಕ್ಕೆ ಫಿಗೊ (ಸ್ತ್ರೀರೋಗ ತಜ್ಞರ ಅಂತಾರಾಷ್ಟ್ರೀಯ ಒಕ್ಕೂಟ) ವರ್ಗೀಕರಣ ಇದೆ, 0ರಿಂದ 8ರವರೆಗೆ:

0 – ಪೂರ್ತಿ ಗರ್ಭಕೋಶದ ಕುಳಿಯೊಳಗೆ, ತೊಟ್ಟಿನಿಂದ ನೇತಾಡುವಂಥದ್ದು.
1 – ಅರ್ಧಕ್ಕಿಂತ ಹೆಚ್ಚು ಭಾಗ ಕುಳಿಯೊಳಗೆ.
2 – ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗ ಸ್ನಾಯುವಿನಲ್ಲಿ, ಉಳಿದದ್ದು ಕುಳಿಗೆ ಉಬ್ಬಿರುತ್ತದೆ.
3 – ಪೂರ್ತಿ ಸ್ನಾಯುವಿನಲ್ಲೇ, ಆದರೆ ಒಳಪದರಕ್ಕೆ ತಾಗಿಕೊಂಡಿರುತ್ತದೆ.
4 – ಪೂರ್ತಿ ಸ್ನಾಯುವಿನೊಳಗೆ.
5, 6, 7 – ಹೊರಮೈ ಕಡೆಗೆ. 7 ಎಂದರೆ ಹೊರಗೆ ತೊಟ್ಟಿನಲ್ಲಿ ನೇತಾಡುವುದು.
8 – ಗರ್ಭಕೋಶದ ಕೊರಳು ಮುಂತಾದ ಬೇರೆ ಜಾಗ.

ರಕ್ತಸ್ರಾವದ ಮುಖ್ಯ ಆರೋಪಿಗಳು 0, 1, 2. ಮೂರನೆಯದು ಅನುಮಾನದ ಪಟ್ಟಿಯಲ್ಲಿ. ದೊಡ್ಡ 4 ಕುಳಿಯನ್ನು ಹಿಗ್ಗಿಸಿದ್ದರೆ ಅದೂ ಸೇರುತ್ತದೆ. 6, 7 ಮೂತ್ರಕೋಶ ಒತ್ತಬಹುದು, ಹೊಟ್ಟೆ ಭಾರ ಅನ್ನಿಸಬಹುದು, ಆದರೆ ಮುಟ್ಟನ್ನು ಹೆಚ್ಚಿಸುವುದು ಅಪರೂಪ. 1.5 ಸೆಂ.ಮೀ.ನ ಟೈಪ್ 0 ಗಡ್ಡೆ ಎಚ್‌ಬಿಯನ್ನು 6ಕ್ಕೆ ಇಳಿಸಬಲ್ಲದು. 8 ಸೆಂ.ಮೀ.ನ ಟೈಪ್ 7 ಗಡ್ಡೆಯಿಂದ ಒಂದು ಹನಿಯೂ ಹೆಚ್ಚು ಹೋಗದಿರಬಹುದು.

ಕಾರಣ ಒಂದೇ ಅಲ್ಲ. ಕುಳಿಗೆ ಉಬ್ಬಿದ ಗಡ್ಡೆಯಿಂದ ಉದುರುವ ಒಳಪದರದ ವಿಸ್ತೀರ್ಣ ಹೆಚ್ಚುತ್ತದೆ. ಸ್ನಾಯು ಸರಿಯಾಗಿ ಬಿಗಿದು ರಕ್ತನಾಳಗಳನ್ನು ಹಿಸುಕಲಾರದು. ಗಡ್ಡೆ ಸುತ್ತಲಿನ ಅಭಿಧಮನಿಗಳನ್ನು ಒತ್ತುವುದರಿಂದ ಅವು ಹಿಗ್ಗಿರುತ್ತವೆ. ಜೊತೆಗೆ ಗಡ್ಡೆ ಸ್ರವಿಸುವ ಟಿಜಿಎಫ್-ಬೀಟಾ 3 ಎಂಬ ಅಂಶ ಒಳಪದರದಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಸಡಿಲಿಸುತ್ತದೆ.

#2 | ಪರೀಕ್ಷಾನಳಿಗೆ (ಪ್ರಯೋಗಾಲಯ)

ಲೆಕ್ಕ ನಾನು ಹಾಕಿ ಕೊಡುತ್ತೇನೆ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

1 ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿ.ಗ್ರಾಂ. ಕಬ್ಬಿಣ. ಎಚ್‌ಬಿ 12 ಇರುವವರ 100 ಮಿ.ಲೀ. ರಕ್ತದಲ್ಲಿ 12 ಗ್ರಾಂ ಹಿಮೋಗ್ಲೋಬಿನ್, ಅಂದರೆ ಸುಮಾರು 41 ಮಿ.ಗ್ರಾಂ. ಕಬ್ಬಿಣ.

ಸಾಮಾನ್ಯ ಮುಟ್ಟಿನಲ್ಲಿ ಹೋಗುವ ರಕ್ತ 30–40 ಮಿ.ಲೀ. ಕಬ್ಬಿಣದ ಲೆಕ್ಕದಲ್ಲಿ ಸುಮಾರು 16 ಮಿ.ಗ್ರಾಂ.; 28 ದಿನಕ್ಕೆ ಹಂಚಿದರೆ ದಿನಕ್ಕೆ 0.6. ಚರ್ಮ, ಕರುಳಿನ ಜೀವಕೋಶ ಉದುರಿ ಹೋಗುವ ಸುಮಾರು 1 ಮಿ.ಗ್ರಾಂ. ಸೇರಿಸಿದರೆ 1.6. ಊಟದಿಂದ ಮೈಗೆ ಸೇರುವುದು ದಿನಕ್ಕೆ 1–2 ಮಿ.ಗ್ರಾಂ. ಹೇಗೋ ಸರಿದೂಗುತ್ತದೆ.

ಈಗ ಫೈಬ್ರಾಯ್ಡ್ ಇರುವವರಲ್ಲಿ 150 ಮಿ.ಲೀ. ಹೋಗುತ್ತಿದೆ ಅಂದುಕೊಳ್ಳಿ. ತಿಂಗಳಿಗೆ 61 ಮಿ.ಗ್ರಾಂ., ದಿನಕ್ಕೆ 2.2. ಒಟ್ಟು ಖರ್ಚು 3.2, ಒಳಬರುವುದು ಚೆನ್ನಾಗಿ ತಿಂದರೂ 2. ದಿನಕ್ಕೆ 1.2 ಮಿ.ಗ್ರಾಂ. ಕೊರತೆ. ಹೆಂಗಸರ ದೇಹದ ದಾಸ್ತಾನು ಸುಮಾರು 300 ಮಿ.ಗ್ರಾಂ., ಹಲವರಲ್ಲಿ ಅಷ್ಟೂ ಇರುವುದಿಲ್ಲ. ಎಂಟೊಂಬತ್ತು ತಿಂಗಳಲ್ಲಿ ಉಗ್ರಾಣ ಖಾಲಿ. ಅಲ್ಲಿಯತನಕ ಎಚ್‌ಬಿ 12ರ ಮೇಲೇ ಇರುತ್ತದೆ, ಫೆರಿಟಿನ್ (ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ರಕ್ತದ ಅಂಶ) ಮಾತ್ರ ಇಳಿಯುತ್ತಾ ಬರುತ್ತದೆ.

ಇದರ ಮುಂದಿನ ಭಾಗವನ್ನು ಬಹಳ ಮಂದಿ ಗಮನಿಸುವುದಿಲ್ಲ. ಎಚ್‌ಬಿ 7ಕ್ಕೆ ಇಳಿದ ಮೇಲೆ ಅದೇ 150 ಮಿ.ಲೀ. ಹೋದರೂ ಅದರಲ್ಲಿರುವ ಕಬ್ಬಿಣ 36 ಮಿ.ಗ್ರಾಂ. ಮಾತ್ರ. ಕೊರತೆಯ ಸ್ಥಿತಿಯಲ್ಲಿ ಕರುಳು ಸ್ವಲ್ಪ ಹೆಚ್ಚು ಹೀರುತ್ತದೆ ಕೂಡ. ಹೀಗಾಗಿ ಆದಾಯ, ಖರ್ಚು ಎರಡೂ ಕೆಳಮಟ್ಟದಲ್ಲಿ ಸಮವಾಗಿ, ಎಚ್‌ಬಿ 7ರ ಆಸುಪಾಸಿನಲ್ಲಿ ತಿಂಗಳುಗಟ್ಟಲೆ ನಿಂತುಬಿಡುತ್ತದೆ. "ಒಂದು ವರ್ಷದಿಂದ 7.2 ಇದೆ, ಇಳಿದಿಲ್ಲ, ಪರವಾಗಿಲ್ಲ" ಎಂಬ ಮಾತು ಇದರಿಂದಲೇ ಹುಟ್ಟಿದ್ದು. ಸ್ರಾವ ನಿಂತಿಲ್ಲ, ತೆಳು ರಕ್ತ ಹೋಗುತ್ತಿದೆ ಅಷ್ಟೆ. ಕಬ್ಬಿಣ ಕೊಟ್ಟು ಎಚ್‌ಬಿಯನ್ನು 12ಕ್ಕೆ ತಂದು ಸ್ರಾವವನ್ನು ಹಾಗೇ ಬಿಟ್ಟರೆ ಮತ್ತೆ ತಿಂಗಳಿಗೆ 61 ಮಿ.ಗ್ರಾಂ. ಖರ್ಚು ಶುರು.

#3 | ಓದುಗ_27

ಲೆಕ್ಕ ಸರಿ. ಆದರೆ 150 ಮಿ.ಲೀ. ಹೋಗುತ್ತಿದೆ ಅಂತ ಗೊತ್ತಾಗುವುದು ಹೇಗೆ? ಯಾರೂ ಅಳತೆ ಪಾತ್ರೆ ಹಿಡಿದು ಕೂರುವುದಿಲ್ಲವಲ್ಲ.

#4 | ರಾತ್ರಿಪಾಳಿ (ನರ್ಸಿಂಗ್)

ಅದಕ್ಕೆ ಚಿತ್ರಪಟ ವಿಧಾನ ಇದೆ, 1990ರಿಂದ ಬಳಕೆಯಲ್ಲಿದೆ. ಬದಲಾಯಿಸಿದ ಪ್ರತಿ ಪ್ಯಾಡಿಗೂ ಅಂಕ: ಸ್ವಲ್ಪ ಕಲೆಯಾಗಿದ್ದರೆ 1, ಮಧ್ಯಮ ನೆನೆದಿದ್ದರೆ 5, ಪೂರ್ತಿ ತೊಯ್ದಿದ್ದರೆ 20. ಟ್ಯಾಂಪೂನಿಗೆ 1, 5, 10. ಸಣ್ಣ ಹೆಪ್ಪಿಗೆ 1, ದೊಡ್ಡದಕ್ಕೆ 5. ಮುಟ್ಟು ಮುಗಿದ ಮೇಲೆ ಕೂಡಿಸಿ. 100 ದಾಟಿದರೆ 80 ಮಿ.ಲೀ.ಗಿಂತ ಹೆಚ್ಚು ಎಂದು ಹಿಡಿಯಬಹುದು. ಸಂಶೋಧನೆಯಲ್ಲಿ "ಅತಿಸ್ರಾವ" ಎನ್ನುವುದೂ ಆ 80ನ್ನೇ.

ಅಂಕ ಕೆಡುವುದು ಎಲ್ಲಿ ಅಂದರೆ, ಕೆಲವರು ಅರ್ಧ ನೆನೆದ ಕೂಡಲೇ ಪ್ಯಾಡ್ ಬದಲಾಯಿಸುತ್ತಾರೆ, ಕೆಲವರು ಪೂರ್ತಿ ತೊಯ್ಯುವತನಕ ಬಿಡುತ್ತಾರೆ. ಹಾಗಾಗಿ ಬರೀ ಎಣಿಕೆ ಸಾಲದು, ಪ್ಯಾಡ್ ಹೇಗಿತ್ತು ಎಂದೂ ಬರೆಯಬೇಕು. ಬಟ್ಟೆ ಬಳಸುವವರಿಗೆ ಈ ಪಟ ಹೊಂದುವುದಿಲ್ಲ. ಮುಟ್ಟಿನ ಕಪ್ ಬಳಸುವವರಿಗೆ ಮಿ.ಲೀ. ಗುರುತೇ ಇರುತ್ತದೆ, ಆದರೆ ಕಪ್ಪಿನಲ್ಲಿ ಸಿಗುವುದೆಲ್ಲ ರಕ್ತವಲ್ಲ. ಒಳಪದರದ ದ್ರವವೂ ಸೇರಿರುತ್ತದೆ, ರಕ್ತದ ಪಾಲು ಅರ್ಧದ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಕಪ್ ಲೆಕ್ಕ 160 ಎಂದರೆ ರಕ್ತ 80ರ ಸುತ್ತಮುತ್ತ.

ಪಟ ಇಲ್ಲದೆಯೂ ಕೇಳಬಹುದಾದ ಪ್ರಶ್ನೆಗಳಿವೆ. ರಾತ್ರಿ ಪ್ಯಾಡ್ ಬದಲಾಯಿಸಲು ಏಳಬೇಕೇ? ಎರಡು ಪ್ಯಾಡ್ ಒಟ್ಟಿಗೆ ಇಡಬೇಕೇ? ಹಾಸಿಗೆ ಕಲೆಯಾಗುತ್ತದೆಯೇ? ಏಳು ದಿನ ದಾಟುತ್ತದೆಯೇ? ಎರಡಕ್ಕೆ "ಹೌದು" ಬಂದರೆ ನಾನು ಫೆರಿಟಿನ್ ಮಾಡಿಸಿ ಅನ್ನುತ್ತೇನೆ, ಎಚ್‌ಬಿ ಎಷ್ಟೇ ಇರಲಿ. "ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ" ಎಂಬ ಉತ್ತರ ಬಂದರೆ ಇನ್ನೂ ಎಚ್ಚರ ಬೇಕು, ಅದರ ವಿಷಯ ಕೆಳಗೆ ಯಾರಾದರೂ ಬರೆಯುತ್ತಾರೆ.

#5 | ಪರೀಕ್ಷಾನಳಿಗೆ

ನಾನೇ ಬರೆಯುತ್ತೇನೆ. ಮನೆತನದಲ್ಲೇ ಅತಿಸ್ರಾವ ಇದ್ದರೆ, ಮೊದಲ ಮುಟ್ಟಿನಿಂದಲೂ ಹೀಗೇ ಇದ್ದರೆ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದಿದ್ದರೆ, ವಾನ್ ವಿಲ್ಲೆಬ್ರಾಂಡ್ ಕಾಯಿಲೆಗೆ (ರಕ್ತ ಸರಿಯಾಗಿ ಹೆಪ್ಪುಗಟ್ಟದ ವಂಶಪಾರಂಪರ್ಯ ತೊಂದರೆ) ಪರೀಕ್ಷೆ ಬೇಕು. ಅಲ್ಲಿ ಫೈಬ್ರಾಯ್ಡ್ ಬರೀ ಜೊತೆಗಿರುವ ನೆರೆಯವನು.

ಮೊದಲ ಸುತ್ತಿನಲ್ಲಿ ಬೇಕಾದದ್ದು ಪೂರ್ಣ ರಕ್ತಕಣ ಎಣಿಕೆ ಮತ್ತು ಫೆರಿಟಿನ್. ಗರ್ಭಿಣಿಯಲ್ಲದ ಹೆಂಗಸರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎಚ್‌ಬಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ: 11ರಿಂದ 11.9 ಸೌಮ್ಯ, 8ರಿಂದ 10.9 ಮಧ್ಯಮ, 8ಕ್ಕಿಂತ ಕೆಳಗೆ ತೀವ್ರ. ಫೆರಿಟಿನ್ 15ಕ್ಕಿಂತ ಕಡಿಮೆ ಎಂದರೆ ದಾಸ್ತಾನು ಖಾಲಿ. ಚಿಕಿತ್ಸೆ ಕೊಡುವವರಲ್ಲಿ ಹಲವರು 30ಕ್ಕೇ ಗೆರೆ ಎಳೆಯುತ್ತಾರೆ, ನನ್ನ ಮತವೂ ಅದೇ. ಸೋಂಕು, ಉರಿಯೂತ, ಯಕೃತ್ತಿನ ತೊಂದರೆ ಇದ್ದರೆ ಫೆರಿಟಿನ್ ಸುಳ್ಳುಸುಳ್ಳೇ ಏರುತ್ತದೆ, ಆಗ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನಿನಲ್ಲಿ ಶೇಕಡಾ ಎಷ್ಟು ತುಂಬಿದೆ) ನೋಡಬೇಕು. ಶೇ. 20ಕ್ಕಿಂತ ಕೆಳಗಿದ್ದರೆ ಕೊರತೆಯ ಕಡೆಗೇ ಬೆರಳು.

ಒಂಟಿ "ಸೀರಂ ಐರನ್" ನಂಬಬೇಡಿ. ಬೆಳಗ್ಗೆ ಒಂದು, ಸಂಜೆ ಒಂದು ಇರುತ್ತದೆ. ಹಿಂದಿನ ರಾತ್ರಿ ಮಾತ್ರೆ ನುಂಗಿದ್ದರೆ ಎಲ್ಲಾ ಚೆನ್ನಾಗಿದೆ ಅನ್ನುವ ವರದಿ ಬರುತ್ತದೆ.

ಎಣಿಕೆಯ ಕಾಗದದಲ್ಲಿ ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 80ಕ್ಕಿಂತ ಕೆಳಗೆ, ಆರ್‌ಡಿಡಬ್ಲ್ಯೂ (ಕಣಗಳ ಗಾತ್ರದ ಏರುಪೇರು) ಮೇಲೆ, ಪ್ಲೇಟ್‌ಲೆಟ್ ಸ್ವಲ್ಪ ಹೆಚ್ಚು ಇದ್ದರೆ ಕಬ್ಬಿಣದ ಕೊರತೆಯ ಮಾಮೂಲಿ ಚಿತ್ರ. ಪ್ಲೇಟ್‌ಲೆಟ್ ನೋಡಿ ಗಾಬರಿಯಾಗುವವರಿದ್ದಾರೆ. ಕಬ್ಬಿಣ ತುಂಬಿದ ಮೇಲೆ ಅದು ತಾನೇ ಇಳಿಯುತ್ತದೆ. ಎಂಸಿವಿ 65ಕ್ಕೆ ಬಿದ್ದಿದ್ದು, ಕೆಂಪು ರಕ್ತಕಣಗಳ ಎಣಿಕೆ ಮಾತ್ರ 5.5 ದಶಲಕ್ಷ ಇದ್ದರೆ ಥಲಸ್ಸೇಮಿಯಾ ಮೈನರ್ (ಹಿಮೋಗ್ಲೋಬಿನ್ ತಯಾರಿಕೆಯ ಸೌಮ್ಯ ವಂಶಪಾರಂಪರ್ಯ ದೋಷ) ಅನುಮಾನ. ಎಂಸಿವಿಯನ್ನು ಕಣಗಳ ಎಣಿಕೆಯಿಂದ ಭಾಗಿಸಿ: 65 ÷ 5.5 = 11.8. 13ಕ್ಕಿಂತ ಕಡಿಮೆ ಬಂದರೆ ಎಚ್‌ಬಿಎ2 (ಈ ದೋಷದಲ್ಲಿ ಹೆಚ್ಚಾಗುವ ಒಂದು ಬಗೆಯ ಹಿಮೋಗ್ಲೋಬಿನ್) ಪರೀಕ್ಷೆ. ಕಬ್ಬಿಣದ ಕೊರತೆ ತೀವ್ರವಾಗಿದ್ದಾಗ ಎಚ್‌ಬಿಎ2 ಕಡಿಮೆ ತೋರಿಸಿ ಮೋಸ ಮಾಡಬಹುದು, ಕಬ್ಬಿಣ ತುಂಬಿಸಿ ಮತ್ತೆ ನೋಡುವುದು ಒಳ್ಳೆಯದು. ಇಂಥವರಿಗೆ ಫೆರಿಟಿನ್ ನೋಡದೆ ವರ್ಷಗಟ್ಟಲೆ ಐರನ್ ಕೊಡುವುದು ತಪ್ಪು.

#6 | ಪ್ರೋಬ್ (ಸ್ಕ್ಯಾನಿಂಗ್)

ವರದಿಯಲ್ಲಿ "ಫೈಬ್ರಾಯ್ಡ್ ಇದೆ" ಎಂದಷ್ಟೇ ಬರೆದಿದ್ದರೆ ವಾಪಸ್ ಕೇಳಿ. ಎಷ್ಟು ಗಡ್ಡೆ, ಪ್ರತಿಯೊಂದರ ಅಳತೆ, ಮುಂದಿನ ಗೋಡೆಯೋ ಹಿಂದಿನದೋ, ಫಿಗೊ ಟೈಪ್ ಎಷ್ಟು, ಒಳಪದರದ ಗೆರೆ ಸರಿದಿದೆಯೇ, ಟೈಪ್ 2 ಆದರೆ ಗಡ್ಡೆಯ ಹಿಂದೆ ಹೊರಮೈತನಕ ಎಷ್ಟು ಮಿ.ಮೀ. ಸ್ನಾಯು ಉಳಿದಿದೆ. ಕೊನೆಯ ಅಂಕಿ ಇಲ್ಲದೆ ಹಿಸ್ಟರೋಸ್ಕೋಪಿ (ಯೋನಿಮಾರ್ಗವಾಗಿ ಗರ್ಭಕೋಶದೊಳಗೆ ದೂರದರ್ಶಕ ಹಾಕಿ ನೋಡುವುದು) ಮಾಡುವವರು ಕತ್ತಲಲ್ಲಿ ಕೈಹಾಕಿದಂತೆ.

ಹೊಟ್ಟೆಯ ಮೇಲಿನ ಸ್ಕ್ಯಾನಿನಲ್ಲಿ ಸಣ್ಣ ಟೈಪ್ 0, 1 ತಪ್ಪಿಹೋಗುತ್ತವೆ. ಯೋನಿಮಾರ್ಗದ ಸ್ಕ್ಯಾನ್ ಬೇಕು. ಕುಳಿಯೊಳಗೆ ಸ್ವಲ್ಪ ಸಲೈನ್ ಬಿಟ್ಟು ನೋಡಿದರೆ ಗಡ್ಡೆಯೋ ಪಾಲಿಪ್ಪೋ (ಒಳಪದರದಿಂದಲೇ ಬೆಳೆಯುವ ಮೆತ್ತನೆ ಗಂಟು) ಎಂಬುದೂ, ಎಷ್ಟು ಭಾಗ ಒಳಗಿದೆ ಎಂಬುದೂ ಸ್ಪಷ್ಟ. ಮುಟ್ಟು ನಿಂತ ಕೂಡಲೇ, ಒಳಪದರ ತೆಳುವಿರುವಾಗ ಮಾಡಿಸಿದರೆ ಚಿತ್ರ ಚೆನ್ನಾಗಿ ಬರುತ್ತದೆ. ಮುಟ್ಟಿಗೆ ಎರಡು ದಿನ ಮುಂಚೆ ಬಂದರೆ ದಪ್ಪ ಒಳಪದರದಲ್ಲಿ ಸಣ್ಣ ಪಾಲಿಪ್ ಅಡಗಿಕೊಳ್ಳುತ್ತದೆ.

ಇನ್ನೊಂದು ಗೊಂದಲ ಅಡಿನೋಮಯೋಸಿಸ್, ಅಂದರೆ ಒಳಪದರದ ಅಂಗಾಂಶ ಸ್ನಾಯುವಿನೊಳಗೆ ಬೆಳೆಯುವುದು. ಗೋಡೆ ಒಂದು ಕಡೆ ದಪ್ಪಗಾಗಿ, ಅಂಚು ಗೊತ್ತಾಗದಂತೆ, ಒಳಗೆ ಸಣ್ಣ ನೀರುಗುಳ್ಳೆಗಳಿದ್ದರೆ ಅದು ಫೈಬ್ರಾಯ್ಡ್ ಅಲ್ಲ. ಫೈಬ್ರಾಯ್ಡಿಗೆ ಸುತ್ತ ಗಡಿ ಇರುತ್ತದೆ, ಡಾಪ್ಲರಿನಲ್ಲಿ ರಕ್ತನಾಳ ಅದರ ಸುತ್ತ ಓಡುತ್ತದೆ. ಅಡಿನೋಮಯೋಸಿಸ್‌ನಲ್ಲಿ ನಡುವೆ ಹಾಯ್ದುಹೋಗುತ್ತದೆ. ಫೈಬ್ರಾಯ್ಡ್ ಎಂದು ತಿಳಿದು ಸುಲಿಯಲು ಹೋದರೆ ಸುಲಿಯುವ ಪದರವೇ ಸಿಗುವುದಿಲ್ಲ. ಅನುಮಾನವಿದ್ದರೆ, ಗಡ್ಡೆಗಳು ಬಹಳ ಇದ್ದರೆ ಎಂಆರ್‌ಐ.

#7 | ಒಳಪದರ

ಪ್ರೋಬ್ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವಯಸ್ಸು 45 ದಾಟಿದ್ದು ಸ್ರಾವ ಬದಲಾಗಿದ್ದರೆ, ಅಥವಾ ಅದಕ್ಕಿಂತ ಚಿಕ್ಕವರಲ್ಲೂ ಮುಟ್ಟಿನ ನಡುವೆ ಪದೇಪದೇ ರಕ್ತ ಕಾಣಿಸುತ್ತಿದ್ದರೆ, ಬೊಜ್ಜು ಅಥವಾ ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇದ್ದರೆ, ಒಳಪದರದ ಬಯಾಪ್ಸಿ ಆಗಲೇಬೇಕು. ಫೈಬ್ರಾಯ್ಡ್ ಮುಟ್ಟನ್ನು ಹೆಚ್ಚಿಸುತ್ತದೆ, ಉದ್ದ ಮಾಡುತ್ತದೆ. ನಡುನಡುವೆ ಹನಿ ಹನಿ ಬರುವುದಕ್ಕೆ ಬೇರೆ ಕಾರಣ ಹುಡುಕಬೇಕು. ಸ್ಕ್ಯಾನಿನಲ್ಲಿ ಗಡ್ಡೆ ಕಂಡಿದೆ ಎಂಬ ನೆಪದಲ್ಲಿ ಬಯಾಪ್ಸಿ ಬಿಡುವುದು ನಾನು ಕಾಣುವ ತಪ್ಪುಗಳಲ್ಲಿ ಅತ್ಯಂತ ದುಬಾರಿ.

#8 | ಔಷಧಿಚೀಟಿ (ಫಾರ್ಮಸಿ)

ಐರನ್ ಮಾತ್ರೆಯ ಡಬ್ಬಿಯಲ್ಲಿ ಎರಡು ಅಂಕಿಗಳಿರುತ್ತವೆ: ಲವಣದ ತೂಕ ಮತ್ತು ಅದರಲ್ಲಿರುವ ಶುದ್ಧ ಕಬ್ಬಿಣ. ನೋಡಬೇಕಾದದ್ದು ಎರಡನೆಯದು. ಒಣ ಫೆರಸ್ ಸಲ್ಫೇಟ್ 200 ಮಿ.ಗ್ರಾಂ. ಎಂದರೆ ಕಬ್ಬಿಣ 65. ಫೆರಸ್ ಫ್ಯೂಮರೇಟ್ 200ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಫೆರಸ್ ಗ್ಲುಕೊನೇಟ್ 300ರಲ್ಲಿ ಬರೀ 35. "ಹೊಟ್ಟೆಗೆ ಹಗುರ" ಎಂದು ಗ್ಲುಕೊನೇಟಿಗೆ ಬದಲಾಯಿಸಿಕೊಂಡವರು ಅರ್ಧ ಡೋಸ್ ತೆಗೆದುಕೊಳ್ಳುತ್ತಿರುತ್ತಾರೆ, ಅದಕ್ಕೇ ಹಗುರ.

ಕಬ್ಬಿಣ ಹೀರುವುದು ಸಣ್ಣಕರುಳಿನ ಮೊದಲ ಭಾಗ. ಎಂಟೆರಿಕ್ ಕೋಟಿಂಗ್ ಇರುವ, ನಿಧಾನವಾಗಿ ಕರಗುವ ಮಾತ್ರೆಗಳು ಆ ಜಾಗ ದಾಟಿದ ಮೇಲೆ ಬಿಚ್ಚಿಕೊಳ್ಳುತ್ತವೆ. ಹೊಟ್ಟೆ ಉರಿಯುವುದಿಲ್ಲ ನಿಜ, ಕಬ್ಬಿಣವೂ ಸೇರುವುದಿಲ್ಲ.

ಖಾಲಿ ಹೊಟ್ಟೆ, ಅಂದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಕಾಫಿ, ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ, ಆಂಟಾಸಿಡ್ ಎರಡು ಗಂಟೆ ದೂರ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಸೇರದೆ ಟಿಎಸ್‌ಎಚ್ (ಥೈರಾಯ್ಡ್ ಕೊರತೆ ತೋರಿಸುವ ಹಾರ್ಮೋನ್) ಏರಿ ಹೊಸ ಸಮಸ್ಯೆ. ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್‌ನಂಥವನ್ನು ದಿನವೂ ತಿನ್ನುತ್ತಿದ್ದರೆ ಹೀರಿಕೆ ಕುಗ್ಗುತ್ತದೆ. ಬೆಳಗ್ಗೆ ಪ್ಯಾಂಟೊಪ್ರಜೋಲ್, ತಿಂಡಿಯ ಜೊತೆ ಕ್ಯಾಲ್ಸಿಯಂ, ಐರನ್ ಮೂರನ್ನೂ ಒಟ್ಟಿಗೆ ನುಂಗುವ ಚೀಟಿಗಳು ಬರುತ್ತವೆ. ಅಂಥ ಚೀಟಿಗೆ ಎಚ್‌ಬಿ ಏರದಿದ್ದರೆ ಮಾತ್ರೆಯನ್ನು ದೂರಬೇಡಿ.

ಡೋಸ್ ವಿಷಯ: 60 ಮಿ.ಗ್ರಾಂ. ಅಥವಾ ಹೆಚ್ಚು ಕಬ್ಬಿಣ ಹೊಟ್ಟೆಗೆ ಹೋದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಸುಮಾರು 24 ಗಂಟೆ ಕರುಳಿನ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಬೆಳಗ್ಗೆ ಒಂದು, ರಾತ್ರಿ ಒಂದು ಕೊಟ್ಟರೆ ರಾತ್ರಿಯದು ಬಹುಪಾಲು ಹಾಗೇ ಹೊರಟುಹೋಗುತ್ತದೆ, ಮಲಬದ್ಧತೆ ಮಾತ್ರ ಉಳಿಯುತ್ತದೆ. ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ ಒಂದು ಸಾಕು.

#9 | ಒಳಪದರ

ದಿನ ಬಿಟ್ಟು ದಿನ ಎಂಬುದಕ್ಕೆ ನನ್ನ ತಕರಾರಿದೆ. ಆ ಅಧ್ಯಯನಗಳು ಹೆಚ್ಚಾಗಿ ಕೊರತೆ ಇದ್ದರೂ ಸ್ರಾವ ಅಷ್ಟಿಲ್ಲದ ಯುವತಿಯರಲ್ಲಿ ನಡೆದವು. ಅಲ್ಲಿ ಗೆದ್ದದ್ದು ಪ್ರತಿ ಮಾತ್ರೆಯ ಹೀರಿಕೆ. ನಮಗೆ ಬೇಕಾದದ್ದು ವಾರದ ಒಟ್ಟು ಕಬ್ಬಿಣ. ಎಚ್‌ಬಿ 8, ಮುಂದಿನ ಮುಟ್ಟು ಎರಡು ವಾರದಲ್ಲಿ, ಹಾಗಿರುವಾಗ ದಿನಕ್ಕೊಂದು ಕೊಡುತ್ತೇನೆ. ಹೊಟ್ಟೆ ಕೆಟ್ಟರೆ ಮಾತ್ರ ದಿನ ಬಿಟ್ಟು ದಿನ.

#10 | ಔಷಧಿಚೀಟಿ

ಒಪ್ಪಿದೆ ಮೇಡಂ, ದಿನಕ್ಕೊಂದು ಇರಲಿ. ದಿನಕ್ಕೆ ಮೂರು ಬರೆಯುವ ಹಳೇ ಅಭ್ಯಾಸ ಮಾತ್ರ ಬಿಡೋಣ. ಮಲ ಕಪ್ಪಗಾಗುವುದು ಸಹಜ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಹೆದರಿ ಮೂರನೇ ದಿನಕ್ಕೇ ಬಿಡುತ್ತಾರೆ. ಮಾತ್ರೆ ಮಕ್ಕಳ ಕೈಗೆ ಸಿಗದ ಜಾಗದಲ್ಲಿರಲಿ, ಚಿಕ್ಕ ಮಗುವಿಗೆ ಕೆಲವೇ ಮಾತ್ರೆಗಳು ವಿಷ.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು: 7–10 ದಿನಕ್ಕೆ ರೆಟಿಕ್ಯುಲೋಸೈಟ್ (ಹೊಸದಾಗಿ ಹುಟ್ಟಿದ ಕೆಂಪು ಕಣ) ಏರುತ್ತದೆ, 3–4 ವಾರಕ್ಕೆ ಎಚ್‌ಬಿ 1ರಿಂದ 2 ಗ್ರಾಂ ಏರಬೇಕು. ಎಚ್‌ಬಿ 12 ಮುಟ್ಟಿದ ದಿನ ನಿಲ್ಲಿಸಿದರೆ ಉಗ್ರಾಣ ಇನ್ನೂ ಖಾಲಿಯೇ. ಮತ್ತೆ ಮೂರು ತಿಂಗಳು ಮುಂದುವರಿಸಬೇಕು.

#11 | ಓದುಗ_27

ಊಟದಲ್ಲೇ ಸರಿಮಾಡಿಕೊಳ್ಳಬಹುದು ಎನ್ನುವವರಿಗೆ ಏನು ಹೇಳುವುದು?

#12 | ಪರೀಕ್ಷಾನಳಿಗೆ

#2ರ ಲೆಕ್ಕ ತೋರಿಸಿ. ಮಾಂಸದ ಕಬ್ಬಿಣ ಚೆನ್ನಾಗಿ ಸೇರುತ್ತದೆ, ಕಾಳು ಸೊಪ್ಪಿನದು ಕಡಿಮೆ ಸೇರುತ್ತದೆ, ಹುಳಿಹಣ್ಣು ಜೊತೆಗಿದ್ದರೆ ಸ್ವಲ್ಪ ಉತ್ತಮ. ಇದೆಲ್ಲ ಸೇರಿ ಬರುವುದು ದಿನಕ್ಕೆ ಒಂದೆರಡು ಮಿ.ಗ್ರಾಂ. ಎಚ್‌ಬಿ 8ರವರಿಗೆ ಬೇಕಾದದ್ದು ಸಾವಿರ ಮಿ.ಗ್ರಾಂ. ದಾಟುತ್ತದೆ.

#13 | ರಾತ್ರಿಪಾಳಿ

ಆ ಸಾವಿರ ಎಲ್ಲಿಂದ ಬಂತು ಎಂದರೆ ಗ್ಯಾನ್ಜೋನಿ ಸೂತ್ರದಿಂದ. ತೂಕ × (ಗುರಿ ಎಚ್‌ಬಿ − ಈಗಿನ ಎಚ್‌ಬಿ) × 2.4 + 500. 55 ಕೆ.ಜಿ., ಎಚ್‌ಬಿ 7.5, ಗುರಿ 13 ಆದರೆ: 55 × 5.5 × 2.4 = 726, ದಾಸ್ತಾನಿಗೆ 500, ಒಟ್ಟು 1226 ಮಿ.ಗ್ರಾಂ. ಇದರಲ್ಲಿ ಮುಂದಿನ ತಿಂಗಳು ಹೋಗುವ ರಕ್ತದ ಲೆಕ್ಕ ಇಲ್ಲ ಎಂಬುದು ನೆನಪಿರಲಿ.

ಮಾತ್ರೆ ಸಹಿಸದವರಿಗೆ, ಮಾತ್ರೆಗೆ ಏರದವರಿಗೆ, ಎಚ್‌ಬಿ ಬಹಳ ಕೆಳಗಿರುವವರಿಗೆ, ಕೆಲವೇ ವಾರದಲ್ಲಿ ಆಪರೇಷನ್ ಇರುವವರಿಗೆ ನರದ ಮೂಲಕ ಕೊಡುವುದು ಸರಿ. ಐರನ್ ಸುಕ್ರೋಸ್ ಒಂದು ಸಲಕ್ಕೆ 200 ಮಿ.ಗ್ರಾಂ., ವಾರಕ್ಕೆ ಮೂರು ಸಲ ಮೀರದಂತೆ. ಮೇಲಿನ ಉದಾಹರಣೆಗೆ ಆರು ಸಲ ಬರಬೇಕು. ಆರರಲ್ಲಿ ಮೂರಕ್ಕೆ ಬಂದು ನಿಲ್ಲಿಸುವವರೇ ಹೆಚ್ಚು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಒಂದೇ ಸಲಕ್ಕೆ 1000ದವರೆಗೆ ಹೋಗಬಹುದು, ತೂಕಕ್ಕೆ ತಕ್ಕ ಮಿತಿ ಬೇರೆ ಇದೆ. ಉಳಿದದ್ದು ಒಂದು ವಾರದ ನಂತರ.

1000 ಮಿ.ಗ್ರಾಂ. ಅನ್ನು 0.9% ಸಲೈನಿನಲ್ಲಿ ಮಾತ್ರ, 250 ಮಿ.ಲೀ. ಮೀರದಂತೆ, ಕನಿಷ್ಠ 15 ನಿಮಿಷ. "ನಿಧಾನ ಹೋಗಲಿ" ಎಂದು 500ರ ಬಾಟಲಿಗೆ ಹಾಕಬೇಡಿ, ತೀರಾ ತೆಳುವಾದರೆ ಔಷಧ ಸ್ಥಿರವಾಗಿ ಉಳಿಯುವುದಿಲ್ಲ. ಡೆಕ್ಸ್‌ಟ್ರೋಸ್ ಬೇಡ. ಸೂಜಿ ನರದಲ್ಲಿದೆ ಎಂದು ಸಲೈನ್ ಬಿಟ್ಟು ಖಚಿತ ಮಾಡಿಕೊಂಡೇ ಶುರು ಮಾಡಿ. ಹೊರಗೆ ಸೋರಿದರೆ ಚರ್ಮದ ಮೇಲೆ ಕಂದು ಕಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ಕಾಯಂ. ಮುಗಿದ ಮೇಲೆ ಅರ್ಧ ಗಂಟೆ ಕೂರಿಸಿ ನೋಡಿ.

ಶುರುವಾದ ಕೆಲವೇ ನಿಮಿಷದಲ್ಲಿ ಮುಖ ಕೆಂಪಾಗಿ, ಎದೆ ಬಿಗಿದು, ಬೆನ್ನು ನೋಯುವವರಿದ್ದಾರೆ. ಬಿಪಿ ಸರಿಯಿದ್ದು, ದದ್ದು, ಉಬ್ಬಸ, ತುಟಿ ಊತ ಯಾವುದೂ ಇಲ್ಲದಿದ್ದರೆ ಡ್ರಿಪ್ ನಿಲ್ಲಿಸಿ ಕಾಯಿರಿ, ತಾನೇ ಇಳಿಯುತ್ತದೆ. ನಂತರ ನಿಧಾನವಾಗಿ ಮತ್ತೆ ಶುರು ಮಾಡಬಹುದು. ಇದಕ್ಕೆ ಹಳೆಯ ಮಂಪರಿನ ಅಲರ್ಜಿ ಇಂಜೆಕ್ಷನ್ ಕೊಟ್ಟರೆ ಅದರಿಂದಲೇ ಬಿಪಿ ಇಳಿದು, ನಿಜವಾದ ಅಲರ್ಜಿ ಎಂದು ಎಲ್ಲರೂ ಓಡಾಡುವಂತಾಗುತ್ತದೆ. ಬಿಪಿ ಬಿದ್ದರೆ, ಉಸಿರು ಕಟ್ಟಿದರೆ ಮಾತು ಬೇರೆ, ಅಡ್ರಿನಲಿನ್ ಕೈಯಳತೆಯಲ್ಲಿರಬೇಕು.

ಕಾರ್ಬಾಕ್ಸಿಮಾಲ್ಟೋಸ್ ನಂತರ ಫಾಸ್ಫೇಟ್ ಇಳಿಯುತ್ತದೆ. ಎಚ್‌ಬಿ ಏರಿದರೂ ಎರಡು ವಾರಕ್ಕೆ ಸುಸ್ತು ಹೆಚ್ಚಾಯಿತು, ಮೂಳೆ ನೋವು ಎಂದರೆ ಅದನ್ನು ಪರೀಕ್ಷಿಸಿ. ಮೇಲಿಂದ ಮೇಲೆ ಡೋಸ್ ಬೇಕಾಗುವ ಫೈಬ್ರಾಯ್ಡ್ ರೋಗಿಗಳಲ್ಲಿ ಇದು ಮುಖ್ಯ.

#14 | ಒಳಪದರ

ರಕ್ತ ಏರಿಸುವುದರ ಬಗ್ಗೆ ಎರಡೇ ಮಾತು. ಒಂದು ಬಾಟಲಿಗೆ ಎಚ್‌ಬಿ ಸುಮಾರು 1 ಗ್ರಾಂ ಏರುತ್ತದೆ, 200–250 ಮಿ.ಗ್ರಾಂ. ಕಬ್ಬಿಣ ಬರುತ್ತದೆ. ಎರಡು ಬಾಟಲಿ ಹಾಕಿಸಿ ಐರನ್ ಕೊಡದೆ ಮನೆಗೆ ಕಳಿಸಿದರೆ ಮೇಲಿನ 1226ರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕಿ.

ಇನ್ನು ಸ್ರಾವ ನಿಲ್ಲಿಸುವುದು. ಟ್ರಾನೆಕ್ಸಾಮಿಕ್ ಆಸಿಡ್ (ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಔಷಧ) 500ರ ಮಾತ್ರೆ, ಒಂದು ಸಲಕ್ಕೆ ಎರಡು, ದಿನಕ್ಕೆ ಮೂರು ಸಲ, ಹೆಚ್ಚು ಹೋಗುವ ಮೊದಲ ದಿನದಿಂದಲೇ, 4 ದಿನದವರೆಗೆ. ದಿನಕ್ಕೆ ಎರಡೇ ಮಾತ್ರೆ, ಅದೂ ನಾಲ್ಕನೇ ದಿನ ಶುರು ಮಾಡಿ "ಕೆಲಸ ಮಾಡಲಿಲ್ಲ" ಎನ್ನುವುದು ಸಾಮಾನ್ಯ. ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ ಬೇಡ, ಗರ್ಭನಿರೋಧಕ ಮಾತ್ರೆಯ ಜೊತೆ ಬೇಡ, ಮೂತ್ರಪಿಂಡ ದುರ್ಬಲವಿದ್ದರೆ ಡೋಸ್ ಇಳಿಸಬೇಕು. ಇದು ಗಡ್ಡೆಯನ್ನು ಕರಗಿಸುವುದಿಲ್ಲ.

ನೊರೆಥಿಸ್ಟೆರೋನ್ ಎಂಬ ಹಾರ್ಮೋನ್ ಮಾತ್ರೆ 5 ಮಿ.ಗ್ರಾಂ. ಮೂರು ಹೊತ್ತು ಕೊಟ್ಟರೆ ಸ್ರಾವ ನಿಲ್ಲುತ್ತದೆ, ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಹೀಗೆ ಬರುತ್ತದೆ ಎಂದು ಹೇಳದಿದ್ದರೆ ರೋಗಿ ಮತ್ತೆ ಮಾತ್ರೆ ಶುರು ಮಾಡಿ ಸರಪಳಿಯಾಗುತ್ತದೆ.

ಲೆವೊನೊರ್ಜೆಸ್ಟ್ರೆಲ್ ಎಂಬ ಹಾರ್ಮೋನ್ 52 ಮಿ.ಗ್ರಾಂ. ಇರುವ ಸಾಧನವನ್ನು ಗರ್ಭಕೋಶದಲ್ಲಿಟ್ಟರೆ, ಗಡ್ಡೆ 3 ಸೆಂ.ಮೀ.ಗಿಂತ ಚಿಕ್ಕದು, ಕುಳಿ ಸೊಟ್ಟಗಾಗಿಲ್ಲ ಎಂದರೆ ಒಳ್ಳೆಯ ಫಲ. ಟೈಪ್ 1 ಗಡ್ಡೆ ಇರುವಾಗ ಇಟ್ಟರೆ ಜಾರಿ ಬೀಳುವ ಸಾಧ್ಯತೆ ಹೆಚ್ಚು. ಮೊದಲ ಮೂರರಿಂದ ಆರು ತಿಂಗಳು ಹನಿ ಹನಿ ಕಾಣಿಸುತ್ತದೆ, ತಾಳಬೇಕು.

ಅಂಡಾಶಯದ ಹಾರ್ಮೋನನ್ನು ತಗ್ಗಿಸುವ ಲ್ಯೂಪ್ರೊಲೈಡ್ ಇಂಜೆಕ್ಷನ್ 3.75 ಮಿ.ಗ್ರಾಂ. ತಿಂಗಳಿಗೊಂದರಂತೆ ಮೂರು ಕೊಟ್ಟರೆ ಮುಟ್ಟು ನಿಂತು, ಗಡ್ಡೆ ಕುಗ್ಗಿ, ಎಚ್‌ಬಿ ತುಂಬಿಕೊಳ್ಳಲು ಸಮಯ ಸಿಗುತ್ತದೆ. ಮೊದಲ ಇಂಜೆಕ್ಷನ್ನಿನ ನಂತರ ಒಂದೆರಡು ವಾರ ಹಾರ್ಮೋನ್ ಏರಿ ಒಮ್ಮೆ ಜೋರು ಸ್ರಾವ ಆಗಬಹುದು. ಎಚ್‌ಬಿ 6 ಇರುವವರಿಗೆ ಈ ಎಚ್ಚರಿಕೆ ಹೇಳದೆ ಕೊಡಬಾರದು. ರೆಲುಗೊಲಿಕ್ಸ್ 40, ಎಸ್ಟ್ರಾಡಿಯೋಲ್ 1, ನೊರೆಥಿಸ್ಟೆರೋನ್ 0.5 ಸೇರಿದ ದಿನದ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದರಲ್ಲಿ ಆ ಏರಿಕೆ ಇಲ್ಲ. ಮೂಳೆ ಸವೆತದ ಕಾರಣಕ್ಕೆ 24 ತಿಂಗಳ ಮಿತಿ. ಫೈಬ್ರಾಯ್ಡಿಗೆ ಕೊಡುತ್ತಿದ್ದ ಯುಲಿಪ್ರಿಸ್ಟಾಲ್ ಮಾತ್ರೆ ಯಕೃತ್ತಿಗೆ ಹಾನಿ ಮಾಡಿದ ಪ್ರಕರಣಗಳ ನಂತರ ಮೂಲೆಗೆ ಸರಿದಿದೆ.

#15 | ಓದುಗ_27

ಕೊನೆಗೆ ಗರ್ಭಕೋಶ ತೆಗೆಸುವುದೇ ದಾರಿಯೇ?

#16 | ಒಳಪದರ

ಟೈಪ್ 0, 1ಕ್ಕೆ ಹೊಟ್ಟೆ ಕೊಯ್ಯುವ ಅಗತ್ಯವೇ ಇಲ್ಲ, ಹಿಸ್ಟರೋಸ್ಕೋಪಿಯಲ್ಲಿ ಕೆಳಗಿನಿಂದಲೇ ತೆಗೆಯಬಹುದು. ಟೈಪ್ 2 ದೊಡ್ಡದಿದ್ದರೆ ಎರಡು ಕಂತಿನಲ್ಲಿ. ಕುಳಿ ಹಿಗ್ಗಿಸಲು ಬಿಡುವ ದ್ರವದಲ್ಲಿ ಎಷ್ಟು ಮೈಗೆ ಸೇರಿತು ಎಂದು ನಿಮಿಷ ನಿಮಿಷಕ್ಕೂ ಲೆಕ್ಕವಿಡಬೇಕು: ಸಲೈನ್ ಆದರೆ 2500 ಮಿ.ಲೀ., ಗ್ಲೈಸಿನ್‌ನಂಥದ್ದಾದರೆ 1000 ಮಿ.ಲೀ. ಮೈಗೆ ಸೇರಿದರೆ ಅಲ್ಲಿಗೇ ನಿಲ್ಲಿಸಬೇಕು. ಗಡ್ಡೆ ಇನ್ನೂ ಸ್ವಲ್ಪ ಉಳಿದಿದೆ ಎಂಬ ಆಸೆಗೆ ಮುಂದುವರಿದಾಗಲೇ ಶ್ವಾಸಕೋಶದಲ್ಲಿ ನೀರು ತುಂಬುವುದು, ಸೋಡಿಯಂ ಇಳಿಯುವುದು.

ಸ್ನಾಯುವಿನ ಗಡ್ಡೆಗಳಿಗೆ ಮಯೋಮೆಕ್ಟಮಿ (ಗರ್ಭಕೋಶ ಉಳಿಸಿ ಗಡ್ಡೆ ಮಾತ್ರ ತೆಗೆಯುವುದು), ಅಥವಾ 1995ರಿಂದ ವರದಿಯಾಗುತ್ತಿರುವ ರಕ್ತನಾಳ ಮುಚ್ಚುವ ಎಂಬೊಲೈಸೇಶನ್. ಮುಂದೆ ಮಗು ಬೇಕೆನ್ನುವವರಿಗೆ ಎಂಬೊಲೈಸೇಶನ್ ಮೊದಲ ಆಯ್ಕೆಯಲ್ಲ. ಮಯೋಮೆಕ್ಟಮಿಯಲ್ಲಿ ಹೊಸ ಗಡ್ಡೆ ಬರುವ ಸಾಧ್ಯತೆ ಉಳಿಯುತ್ತದೆ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಿದ್ದರೆ, ಔಷಧದಿಂದ ಸ್ರಾವ ಹತೋಟಿಯಲ್ಲಿದ್ದರೆ, ಕಾಯುವುದೂ ಒಂದು ಚಿಕಿತ್ಸೆಯೇ. ಗರ್ಭಕೋಶ ತೆಗೆಸುವುದು ಖಚಿತ ಪರಿಹಾರ, ಆದರೆ ಎಚ್‌ಬಿ 7ರಲ್ಲಿ ಅವಸರಕ್ಕೆ ಟೇಬಲ್ ಹತ್ತಿಸುವುದು ಬೇಡ. ತುರ್ತು ಇಲ್ಲದಿದ್ದರೆ ಮುಟ್ಟು ನಿಲ್ಲಿಸಿ, ಐರನ್ ಡ್ರಿಪ್ ಕೊಟ್ಟು, ನಾಲ್ಕಾರು ವಾರ ಬಿಟ್ಟು 12ರ ಹತ್ತಿರ ತಂದರೆ ರಕ್ತ ಏರಿಸುವ ಪ್ರಮೇಯ ಕಡಿಮೆಯಾಗುತ್ತದೆ. ಆಪರೇಷನ್ ಮುಗಿದ ಮೇಲೂ ಫೆರಿಟಿನ್ ತುಂಬುವತನಕ ಕಬ್ಬಿಣ ನಡೆಯಬೇಕು.

ಗಂಟೆಗೊಂದು ಪ್ಯಾಡ್ ತೊಯ್ದು ಎರಡು ಗಂಟೆ ದಾಟಿದರೆ, ನಿಂತಾಗ ಕಣ್ಣು ಕತ್ತಲೆ ಬಂದರೆ, ಕೂತಲ್ಲೇ ಏದುಸಿರು, ಎದೆನೋವು ಬಂದರೆ ಇದ್ಯಾವುದನ್ನೂ ಓದುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

#17 | ಪರೀಕ್ಷಾನಳಿಗೆ

ಉಲ್ಟಾ ಪ್ರಕರಣವೂ ಒಂದಿದೆ. ಹೊಟ್ಟೆ ತುಂಬ ದೊಡ್ಡ ಫೈಬ್ರಾಯ್ಡ್, ಎಚ್‌ಬಿ ಮಾತ್ರ 17–18! ಗಡ್ಡೆಯೇ ಎರಿಥ್ರೊಪೊಯಟಿನ್ (ಕೆಂಪು ಕಣಗಳನ್ನು ಹೆಚ್ಚಿಸುವ ಹಾರ್ಮೋನ್) ಸ್ರವಿಸುವುದರಿಂದ ಹೀಗೆ, ಬಹಳ ಅಪರೂಪ. ಗಡ್ಡೆ ತೆಗೆದರೆ ಎಚ್‌ಬಿ ಸರಿಹೋಗುತ್ತದೆ.

#18 | ಓದುಗ_27

ಡ್ರಿಪ್ ಆಗಿ ಹತ್ತು ದಿನಕ್ಕೆ ಫೆರಿಟಿನ್ 640 ಎಂದು ವರದಿ ಬಂದರೆ? ಕಬ್ಬಿಣ ಮಿತಿಮೀರಿತು ಎಂದೇ?

#19 | ಪರೀಕ್ಷಾನಳಿಗೆ

ಅಲ್ಲ, ಬೇಗ ಅಳೆದಿದ್ದಾರೆ ಅಷ್ಟೆ. ಕೊಟ್ಟ ಕಬ್ಬಿಣ ಇನ್ನೂ ಕೆಂಪು ಕಣಗಳಿಗೆ ಸೇರುವ ದಾರಿಯಲ್ಲಿದೆ. ನಾಲ್ಕು ವಾರಕ್ಕೆ ಮೊದಲು ಫೆರಿಟಿನ್ ಬೇಡ, ಎಂಟು ವಾರ ಆದರೆ ಇನ್ನೂ ನಂಬಬಹುದು. ಅಷ್ಟರಲ್ಲಿ ಎರಡು ಮುಟ್ಟು ಕಳೆದಿರುತ್ತವೆ, ಪ್ಯಾಡಿನ ಅಂಕವನ್ನೂ ಅದೇ ಕಾಗದದಲ್ಲಿ ಬರೆದು ತರಲಿ. 640 ಇದ್ದದ್ದು 40ಕ್ಕೆ ಬಂದಿದ್ದು ಅಂಕ 300 ಇದ್ದರೆ, ಸೋರುತ್ತಿರುವುದು ಎಲ್ಲಿ ಎಂದು ಬೇರೆ ಹುಡುಕಬೇಕಿಲ್ಲ. ಅಂಕ 60 ಇದ್ದೂ ಫೆರಿಟಿನ್ ಬಿದ್ದಿದ್ದರೆ ಹೊಟ್ಟೆ ಮತ್ತು ಕರುಳಿನ ಕಡೆ ನೋಡಿ: ಹುಣ್ಣು, ಎಚ್. ಪೈಲೋರಿ (ಜಠರದ ಬ್ಯಾಕ್ಟೀರಿಯಾ), ಸೀಲಿಯಾಕ್ (ಗೋಧಿಯ ಗ್ಲುಟೆನ್ ಒಗ್ಗದ ಕರುಳಿನ ಕಾಯಿಲೆ), ಮೂಲವ್ಯಾಧಿ.